ಸಾವಂತ್ರಿ ಟೀಚರ್ ಮುಂದೂಡಿದ ಪದ

ಒಂದು ಪದವನ್ನು ಮಕ್ಕಳಿಗೆ ಓದಲು ಕಲಿಸಿದರೆ, ಕಲಿಸಿದವರ ಕಣ್ಣಿಗೆ ಆ ಪದ ಬರೀ ಗೀಚಾಗಿಬಿಡುವ ಊರಿನಲ್ಲಿ ಸಾವಂತ್ರಿ ಒಂದನೇ ಇಯತ್ತೆಯ ಟೀಚರ್ ಆಗಿದ್ದಳು. ಸೋಮವಾರ ‘ಉಪ್ಪು’ ಕಲಿಸಿ, ಮಂಗಳವಾರ ಡಬ್ಬಿಯ ಮೇಲಿನ ಹೆಸರು ಓದಲಾಗದೆ, ಅತ್ತೆಗೆ ಉಪ್ಪಿನ ಚಹಾ ಕುಡಿಸಿದ್ದಳು. ಅಂಥದ್ದಕ್ಕೆಲ್ಲ ನಕ್ಕು ಸುಮ್ಮನಾಗುತ್ತಿದ್ದಳು. ‘ಅವ್ವ’ ಎಂಬ ಪದವನ್ನು ಮಾತ್ರ ಎಂಟು ದಿನಗಳಿಂದ ಮುಂದೂಡುತ್ತಲೇ ಬಂದಿದ್ದಳು. ತೀರಿಹೋದ ತಾಯಿಯ ಕೊನೆಯ ಕಾಗದ ಅವಳ ಚೀಲದಲ್ಲಿತ್ತು. ಅದರ ಕೆಳಗೆ ಸಹಿಯಾಗಿ ಇದ್ದದ್ದು ಅದೊಂದೇ ಪದ.

“ಟೀಚರ್ರ, ಇವತ್ತರ ‘ಅವ್ವ’ ಮುಗಿಸ್ರಿ, ಹ್ಞಾಂ!”

ಬಾಗಿಲಿನಿಂದ ಹೆಡ್‌ಮಾಸ್ತರರ ಗಡಸು ದನಿ ಕೇಳಿ ಅವಳು ಥಟ್ಟನೆ ತಿರುಗಿದಳು. ನೋಡಿದರೆ, ಆರು ವರ್ಷದ ಶಾಂಭವಿ ಅವರನ್ನೇ ಅಣಕಿಸುತ್ತ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದಳು. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು.

ಇನ್ನೆಷ್ಟು ದಿನ ತಪ್ಪಿಸಿಕೊಂಡಾಳು? ಸಾವಂತ್ರಿ ಸೀಮೆಸುಣ್ಣ ಹಿಡಿದು ಬರೆದಳು, ಬೆರಳಿಟ್ಟು ಓದಿದಳು. ಮಕ್ಕಳು ಕೂಗಿ ಓದಿದರು. ಅವಳ ಕಣ್ಣಿಗೆ ಹಲಗೆಯ ಮೇಲೆ ಗೀಚು ಉಳಿಯಿತು.

ಶಾಲೆ ಬಿಟ್ಟ ಮೇಲೆ ಅವಳು ಕಾಗದ ಬಿಚ್ಚಿಕೊಂಡು ಕೂತಿದ್ದಾಗ ಶಾಂಭವಿ ಬಗ್ಗಿ ನೋಡಿದಳು.

“ಅಳಬ್ಯಾಡ್ರಿ ಟೀಚರ್. ನಾ ನಿಮಗ ವಾಪಸ್ ಕಲಿಸ್ಲ್ಯಾ?”

“ಬ್ಯಾಡವಾ!” ಸಾವಂತ್ರಿ ಗಾಬರಿಯಿಂದ ಕಾಗದ ಮಡಚಿದಳು. “ಕಲಿಸಿದ್ರ ನಿನಗ ಹೋಗಿಬಿಡ್ತೈತಿ.” ಆಮೇಲೆ ಮೆಲ್ಲಗೆ ಬಿಚ್ಚಿ, ಸಹಿಯ ಮೇಲೆ ಬೆರಳಿಟ್ಟಳು. “ಬರೇ ಓದು.”

“ಯಾರ ದನಿಯೊಳಗ ಓದ್ಲಿರಿ?”

“ನಿಂದ ಸಾಕು.”

“ಅವ್ವ,” ಎಂದಳು ಶಾಂಭವಿ.

“ಓ,” ಎಂದು ಓಗೊಟ್ಟಳು ಸಾವಂತ್ರಿ.