ಬಂದದ್ದರಲ್ಲೇ ಹುಡುಕಿ

"ಅಜ್ಜಿ, ಗಂಡನ ಹೆಸರು ಹೇಳಿ," ಎಂದು ನಿಖಿತಾ ಮೂರನೇ ಸಲ ಕೇಳಿದಳು.

"ಮುನಿರಾಜನ ಅಪ್ಪ."

"ಮುನಿರಾಜ ಯಾರು?"

"ನನ್ ಮಗ ಕಣವ್ವ. ಆಟೋ ಓಡಿಸ್ತಾನೆ, ಫೋನ್ ಎತ್ತಲ್ಲ."

ರಾಮಮೂರ್ತಿ ನಗರದ ತನ್ನ ಸೈಬರ್ ಸೆಂಟರಿನಲ್ಲಿ ನಿಖಿತಾ ಅರ್ಧ ಗಂಟೆಯಿಂದ ಹಳೇ ರೇಷನ್ ಕಾರ್ಡುಗಳ ಪಟ್ಟಿ ಜಾಲಾಡುತ್ತಿದ್ದಳು. ಅಜ್ಜಿ ಕಾರ್ಡು ಕಳೆದುಕೊಂಡಿದ್ದಳು. ಐದು ಗಂಟೆಯೊಳಗೆ ರೇಷನ್ ಅಂಗಡಿಗೆ ಅದರ ನಂಬರ್ ಕೊಡದಿದ್ದರೆ ಅಕ್ಕಿ ನಿಲ್ಲುತ್ತದೆ. ಅಜ್ಜಿಯ ಹೆಸರು ಮುನಿವೆಂಕಟಮ್ಮ ಎಂದು ಕೊಟ್ಟರೆ ಇನ್ನೂರ ಹದಿನಾಲ್ಕು ಜನ. ಈ ಕಡೆಯವರಿಗೆ ಹೆಸರಿಡುವಾಗ ಮುನಿ ಬಿಟ್ಟರೆ ಬೇರೇನೂ ಹೊಳೆಯುವುದೇ ಇಲ್ಲವೇನೋ. ಬಂದದ್ದರಲ್ಲೇ ವಯಸ್ಸು ಹಾಕಿ ಹುಡುಕಿದಳು, ಐವತ್ತೆಂಟು ಜನ ಉಳಿದರು. ಅದರಲ್ಲೇ ಮತ್ತೆ ವಾರ್ಡು ಹಾಕಿದಳು, ಹನ್ನೊಂದು ಜನ. ಇನ್ನು ಒಬ್ಬೊಬ್ಬರ ವಿವರ ತೆರೆಯಲೂ ಕ್ಯಾಪ್ಚಾದ ಸೊಟ್ಟಸೊಟ್ಟ ಅಕ್ಷರ ಓದಿ ಟೈಪ್ ಮಾಡಬೇಕು, ಅಷ್ಟರಲ್ಲಿ ಸರ್ವರ್ ಕೈಕೊಡುತ್ತದೆ. ಗಂಡನ ಹೆಸರೊಂದು ಹಾಕಿದರೆ ಒಂದೇ ಏಟಿಗೆ ಮುಗಿಯುತ್ತಿತ್ತು.

"ಹೆಂಗಸ್ರು ಕತ್ತಿಗೆ ಹಾಕ್ಕೊಳಲ್ವಾ, ಅದು," ಎಂದಳು ಅಜ್ಜಿ.

"ಮಣಿಯಪ್ಪನಾ?"

"ಅದಕ್ಕಿಂತ ರೇಟು ಜಾಸ್ತಿ."

ನಿಖಿತಾಳ ಸಹನೆ ಹರಿದುಹೋಯಿತು. "ಒಗಟು ಬಿಡ್ಸೋಕೆ ಟೈಮಿಲ್ಲ ಅಜ್ಜಿ. ನಾಲ್ಕೂವರೆ ಆಯ್ತು. ನಿಮಗೆ ಅಕ್ಕಿ ಬೇಕೋ ಬೇಡ್ವೋ?"

ಮದುವೆಯಾಗಿ ನಲವತ್ತಾರು ವರ್ಷ, ಅವರು ತೀರಿಕೊಂಡು ಆರು ವರ್ಷ. ಮುನಿವೆಂಕಟಮ್ಮ ಸೆರಗು ತಲೆಗೆ ಹೊದ್ದು ಗೋಡೆಯ ಕಡೆ ತಿರುಗಿ ಏನೋ ಗೊಣಗಿದಳು.

"ಕೇಳಿಸ್ಲಿಲ್ಲ, ಜೋರಾಗಿ."

"ಚಿನ್ನಪ್ಪ."

ಜೆರಾಕ್ಸ್‌ಗೆ ನಿಂತಿದ್ದವರೂ ತಿರುಗಿ ನೋಡಿದರು. ನಿಖಿತಾ ಹನ್ನೊಂದರಲ್ಲಿ ಚಿನ್ನಪ್ಪನನ್ನು ಹುಡುಕಿದಳು. ಒಬ್ಬನೂ ಇಲ್ಲ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹೆಸರನ್ನು ಅಳಿಸಿ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ತೆರೆಯತೊಡಗಿದಳು. ಎಂಟನೆಯದರಲ್ಲಿ ಇದೇ ಅಜ್ಜಿಯ ಫೋಟೋ. ಕೆಳಗೆ, ಗಂಡನ ಹೆಸರು: ಮುನಿರಾಜ್.

"ಕಾರ್ಡಿಗೆ ಬರ್ಕೊಳ್ಳೋಕೆ ಬಂದೋರಿಗೂ ಮುನಿರಾಜನ ಅಪ್ಪ ಅಂತಾನೇ ಹೇಳಿದ್ರಾ?"

"ಇನ್ನೇನಂತ ಹೇಳ್ಲಿ?"

"ಅವರು ನಿಮ್ಮ ಮಗನ್ನೇ ಗಂಡ ಅಂತ ಬರ್ದವ್ರೆ. ಹೋಗ್ಲಿ, ಆಮೇಲೆ ತಿದ್ಸೋಣ. ನಂಬರ್ ಸಿಕ್ತು, ಅಕ್ಕಿ ಬರುತ್ತೆ." ನಿಖಿತಾ ಪ್ರಿಂಟ್ ತೆಗೆದು ಚಾಚಿದಳು.

ಅಜ್ಜಿ ಕಾಗದಕ್ಕೆ ಕೈ ನೀಡಲಿಲ್ಲ.

"ಹಂಗಾದ್ರೆ ಅವರ ಹೆಸ್ರು ನನ್ ಬಾಯಲ್ಲಿ ಸುಮ್ಸುಮ್ನೆ ಹೇಳಿಸ್ಬಿಟ್ಯಾ?"