ಕಿವಿಯೊಳಗಿನ ಮೂಳೆ

"ಮಾಸ್ಕ್ ಇಳಿಸಿ ಸೀನಿದ್ಯಾ? ನಿಜ ಹೇಳು," ಎಂದರು ಪ್ರಯೋಗಾಲಯದ ಮುಖ್ಯಸ್ಥ ಮುರೋಇ ಮೇಷ್ಟ್ರು.

"ಇಲ್ಲ ಮೇಷ್ಟ್ರೇ." ಬೆಳಗಿನಿಂದ ಚಿನಾತ್ಸು ಈ ಉತ್ತರ ಕೊಟ್ಟದ್ದು ಇದು ನಾಲ್ಕನೆಯ ಸಲ.

ಮೇಜಿನ ಮೇಲೆ ವರದಿಯಿತ್ತು. ಒಕಿನಾವಾದ ಪುಟ್ಟ ದ್ವೀಪವೊಂದರ ಗುಹೆಯಲ್ಲಿ ಸಿಕ್ಕ ಹೆಂಗಸಿನ ತಲೆಬುರುಡೆ, ನಾಲ್ಕು ಸಾವಿರ ವರ್ಷ ಹಳೆಯದು. ಅಂಥ ಸೆಕೆಯ ನೆಲದಲ್ಲಿ ಡಿಎನ್‌ಎ ಉಳಿಯುವುದೇ ಅಪರೂಪ. ಉಳಿದರೆ ಕಿವಿಯೊಳಗಿನ ಗಟ್ಟಿ ಮೂಳೆಯಲ್ಲಿ. ಅದನ್ನು ಕೊರೆದು ಪುಡಿಮಾಡಿದವಳು ಚಿನಾತ್ಸು. ಹೋಲಿಸಿ ನೋಡಲೆಂದು ಪ್ರಯೋಗಾಲಯದ ಎಲ್ಲರ ಡಿಎನ್‌ಎ ಮೊದಲೇ ತೆಗೆದಿಟ್ಟಿರುತ್ತಾರೆ. ತಾಯಿಯಿಂದ ಮಗುವಿಗೆ ಇಳಿದು ಬರುವ ಎಳೆ ಚಿನಾತ್ಸುವಿನದಕ್ಕೆ ಚಾಚೂ ತಪ್ಪದೆ ಹೊಂದಿತ್ತು.

"ನಿನ್ನ ಮುತ್ತಜ್ಜಿ ಇರ್ಬೇಕು ಬಿಡೇ," ಎಂದು ಜೊತೆಗಾರ ಸೊನೋಬೆ ಛೇಡಿಸಿದ. ಚಿನಾತ್ಸುವೂ ಅದೇ ದ್ವೀಪದವಳು. ಇದ್ದರೂ ಇರಬಹುದೆಂದು ಒಂದು ಗಳಿಗೆ ಆಸೆಪಟ್ಟಳು.

"ಡಿಎನ್‌ಎ ಹಳೇದಾಗಿದ್ರೆ ಚೂರುಚೂರಾಗಿರ್ತಿತ್ತು. ಇದು ಮೊನ್ನೆ ಮೊನ್ನೇದು," ಎಂದರು ಮೇಷ್ಟ್ರು. "ಮೇಲೆಲ್ಲ ಕೆರೆದು ತೆಗೆದ್ರೂ ಹೋಗಿಲ್ಲ. ನೆನೆಹಾಕಿದ ಹಾಗೆ ಒಳಗಿಳಿದಿದೆ. ಇದ್ದದ್ದೊಂದು ಮೂಳೆ, ಅದನ್ನೂ ಹಾಳುಮಾಡಿದೆ."

ಅಗೆದವರ ಮೇಲೆ ಹೊರಿಸುವಂತಿರಲಿಲ್ಲ. ಗುಹೆ ಅಗೆಯುವಾಗ ತೆಗೆದ ಫೋಟೋದಲ್ಲಿ ಎಲ್ಲರ ಕೈಗೂ ಕೈಗವಸು. ಮೂಲೆಯಲ್ಲಿ ದಿನಗೂಲಿಗೆ ಮಣ್ಣು ಜರಡಿ ಹಿಡಿಯುತ್ತಿದ್ದ ಅವಳ ಅಮ್ಮನ ಕೈಗೂ. ತಲೆಬುರುಡೆ ಬಂದ ಪೆಟ್ಟಿಗೆ ತೆರೆದ ದಿನ ಅವಾಮೊರಿ ಸಾರಾಯಿಯ ವಾಸನೆ ಸಣ್ಣಗೆ ಮೂಗಿಗೆ ಬಡಿದದ್ದು ನಿಜ. ಅಗೆಯುವವರು ಸಂಜೆ ಕುಡಿಯದೆ ಇರುತ್ತಾರೆಯೇ ಎಂದು ನಕ್ಕು ಸುಮ್ಮನಾಗಿದ್ದಳು.

ಸಂಜೆಯ ಹೊತ್ತಿಗೆ ಅವಳಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತು. ತಪ್ಪೊಪ್ಪಿಗೆ ಬರೆದು ಮೊಹರು ಒತ್ತಿದಳು. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕೆಲಸವೂ ಹೋಯಿತು.

ಮೆಟ್ಟಿಲ ಮೇಲೆ ಕೂತು ಊರಿಗೆ ಫೋನ್ ಮಾಡಿದಳು.

"ಅಮ್ಮಾ, ಬರ್ತಿದೀನಿ. ಕೆಲಸದಿಂದ ತೆಗೆದ್ರು. ಆ ಮೂಳೆಗೆ ಕೈ ಸೋಕಿದೆಯಂತೆ, ನಂದೇ ಅಂತಾರೆ. ನಾನು ಒಂದ್ಸಲಾನೂ ಕೈಗವಸು ಬಿಚ್ಚಿಲ್ಲಮ್ಮ..." ಅಳು ಒತ್ತರಿಸಿ ಬಂತು.



"ಪಾಪ, ಆ ಗುಹೆಯವಳಿಗೆ ಅಂತ ಯಾರೂ ಇರ್ಲಿಲ್ಲ ಕಣೇ," ಎಂದಳು ಅಮ್ಮ ಮೆಲ್ಲಗೆ. "ಪೆಟ್ಟಿಗೇಲಿ ಇಡೋ ಮುಂಚೆ, ನಮ್ಮೂರ ಪದ್ಧತೀಲಿ ನಿಮ್ಮಜ್ಜಿಯ ಮೂಳೇನ ತೊಳೆದ ಹಾಗೇ, ಅವಾಮೊರಿ ಹಾಕಿ ನಾನೇ ತೊಳೆದೆ. ಸತ್ತವರನ್ನ ತೊಳೆಯೋವಾಗ ಯಾರಾದ್ರೂ ಕೈಗವಸು ಹಾಕ್ಕೋತಾರೇನೇ?"