ಹಿಟ್ಟಿನ ಮೇಲಿನ ಪುಟ್ಟ ಕೈಗಳು

ಬುಟ್ಟಿ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ...

ಚಿತ್ರದುರ್ಗದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದ ತಿಪ್ಪೇಸ್ವಾಮಿಯ ಹೆಂಡತಿ ಅನಸೂಯ ಹಿಂದಿನ ದಿನವಷ್ಟೇ ತೀರಿಕೊಂಡಿದ್ದಳು. ಹಿತ್ತಲ ಜಗಲಿಯ ಬೆತ್ತದ ಕುರ್ಚಿಯಲ್ಲಿ, ಕುಳಿತಂತೆಯೇ... ಪಕ್ಕದಲ್ಲಿ ಅರ್ಧ ಕುಡಿದ ಕಾಫಿ ಲೋಟ.

ಅವರ ಕಡೆ ಒಂದು ಪದ್ಧತಿ. ಜೀವ ಹೋದ ಜಾಗದಲ್ಲಿ ದೀಪ ಹಚ್ಚಿ, ನೆಲದ ಮೇಲೆ ತೆಳ್ಳಗೆ ಹಿಟ್ಟು ಹರಡಿ, ಬುಟ್ಟಿ ಕವುಚಿಡುತ್ತಾರೆ. ಹೋದವರು ಬಂದು ಹೋಗಲೆಂದು ಒಂದು ಅಂಚನ್ನು ಕಲ್ಲಿನ ಮೇಲೆ ಎತ್ತಿಡುತ್ತಾರೆ.

ಬೆಳಿಗ್ಗೆ ಹಿಟ್ಟಿನ ಮೇಲೆ ಮೂಡಿದ ಗುರುತು ನೋಡಿ, ಆ ಜೀವ ಯಾವ ದಾರಿ ಹಿಡಿಯಿತೆಂದು ಹೇಳುತ್ತಾರೆ.

ಕೊನೆಗೆ ತಿಪ್ಪೇಸ್ವಾಮಿಯ ಅಕ್ಕ ದುರ್ಗಮ್ಮನೇ ಬುಟ್ಟಿ ಎತ್ತಿದಳು.

ಹಿಟ್ಟಿನ ಮೇಲೆ ಕೈಗಳಿದ್ದವು.

ಪುಟ್ಟ ಪುಟ್ಟ ಕೈಗಳು... ಒಂದೊಂದು ಬೆರಳೂ ಸ್ಪಷ್ಟ. ಆದರೆ ಆಗತಾನೇ ಹುಟ್ಟಿದ ಮಗುವಿನ ಕೈಯೂ ಅಷ್ಟು ಚಿಕ್ಕದಾಗಿರುವುದಿಲ್ಲ.

ಯಾರೋ ನೆಂಟರು, ಇಲಿ ಇರಬಹುದೇನೋ ಎಂದು ಗೊಣಗಿದರು. ದುರ್ಗಮ್ಮ ತಿರುಗಿ ನೋಡಿದ ನೋಟಕ್ಕೆ ಅವರು ಚಪ್ಪಲಿ ಹುಡುಕಿಕೊಂಡು ಅಂಗಳಕ್ಕೆ ಇಳಿದರು.

"ಕೂಸಿನ ಕೈ ಕಣೋ ತಿಪ್ಪಣ್ಣ..." ಅಂದಳು ಅಕ್ಕ, ಪಿಸುಮಾತಿನಲ್ಲಿ. "ತೊಟ್ಟಿಲ್ನಾಗೇ ಹೋಯ್ತಲ್ಲ, ಅದು. ತಾಯೀನ ಕರ್ಕೊಂಡು ಹೋಗಾಕೆ ಬಂದೈತೆ."



ತೊಟ್ಟಿಲಲ್ಲೇ ಹೋದ ಅವರ ಮೊದಲ ಮಗಳ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆಮೇಲೆ ಮಕ್ಕಳಾಗಲಿಲ್ಲ. ತಿಪ್ಪೇಸ್ವಾಮಿ ಅಂಗಡಿಯೊಳಗೆ ಮುಳುಗಿಹೋದ. ಅನಸೂಯ ಹಿತ್ತಲು ಸೇರಿದಳು...

ಹಾಗಾದರೆ ಇಷ್ಟು ವರ್ಷ ಅವಳು ಆ ಕುರ್ಚಿಯಲ್ಲಿ ಕುಳಿತು ಅಳುತ್ತಿದ್ದಳೇ? ತನ್ನ ಜೊತೆ ಬಾಳಿದ ಬಾಳಿನಲ್ಲಿ ಅವಳಿಗೆ ಒಂದು ದಿನವಾದರೂ ಸಂತೋಷ ಸಿಕ್ಕಿತ್ತೇ?

ಕೇಳೋಣವೆಂದರೆ ಉತ್ತರ ಹೇಳುವವಳೇ ಇಲ್ಲ.

ಮರುದಿನ ಬೆಳಕು ಹರಿಯುತ್ತಿದ್ದಂತೆಯೇ ಅವನು ಎದ್ದು ಹಿತ್ತಲಿಗೆ ಹೋದ. ಸೂತಕದಲ್ಲಿ ಆ ಜಾಗದಲ್ಲಿ ಒಬ್ಬನೇ ಕೂರಬೇಡವೆಂದು ಅಕ್ಕ ಎಚ್ಚರಿಸಿದ್ದಳು. ಅವನು ಕೇಳಲಿಲ್ಲ. ಅನಸೂಯಳ ಕುರ್ಚಿಯಲ್ಲೇ ಕುಳಿತು, ಅವಳಂತೆಯೇ ಕುರ್ಚಿಯ ತೋಳಿನ ಮೇಲೆ ಅಂಗೈ ಚಾಚಿಟ್ಟು, ಕಣ್ಣು ಮುಚ್ಚಿದ.

ದೀಪ ಚಟಪಟ ಎಂದಿತು. ಎಲ್ಲೋ ಒಣಗಿದ ಎಲೆಯ ಮೇಲೆ ಏನೋ ಸರಿದ ಸದ್ದು...

ನಿಂತಿತು. ಮತ್ತೆ ಸರಿಯಿತು. ಈಗ ಕುರ್ಚಿಯ ಕಾಲಿನ ಹತ್ತಿರ.

ಆಮೇಲೆ... ತಣ್ಣನೆಯ ಪುಟ್ಟ ಬೆರಳುಗಳು ಅವನ ಹೆಬ್ಬೆರಳನ್ನು ಹಿಡಿದುಕೊಂಡವು.

ಹೆಸರಿಡುವ ಮುನ್ನವೇ ಹೋದ ಮಗಳನ್ನು ಯಾವ ಹೆಸರಿನಿಂದ ಕರೆಯುವುದು? ನಿಧಾನಕ್ಕೆ ಕಣ್ಣು ತೆರೆದ.

ಅಳಿಲು.

ಎರಡೂ ಪುಟ್ಟ ಕೈಗಳಿಂದ ಅವನ ಹೆಬ್ಬೆರಳು ಹಿಡಿದು, ಖಾಲಿ ಅಂಗೈಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡುತ್ತಿತ್ತು.

"ಕಡ್ಲೆಕಾಯಿ ಕೊಡ್ರಿ ಅದಕ್ಕೆ. ಸುಮ್ನೆ ಬಿಡಲ್ಲ ಅದು."

ಕಾಂಪೌಂಡಿನ ಆಚೆ ಪಕ್ಕದ ಮನೆಯ ಮೆಹರುನ್ನೀಸಾ ನಿಂತಿದ್ದಳು. ಕಣ್ಣು ಅತ್ತು ಊದಿದ್ದವು. ಹಿಟ್ಟಿನ ಮೇಲಿನ ಗುರುತಿನ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಸಾವಿನ ಮನೆಯಲ್ಲಿ ಅಳಿಲಿನ ಮಾತು ಹೇಗೆ ಆಡುವುದೆಂದು ಸುಮ್ಮನಿದ್ದಳಂತೆ.

ಅನಸೂಯ ದಿನಾ ಬೆಳಿಗ್ಗೆ ಅದಕ್ಕೆ ಕಡಲೆಕಾಯಿ ಹಾಕುತ್ತಿದ್ದಳು ಎಂದಳು. ಸಿಪ್ಪೆ ಬಿಡಿಸಿ ಕೊಡದಿದ್ದರೆ ಅದು ಮುನಿಸಿಕೊಂಡು ಬೆನ್ನು ತಿರುಗಿಸಿ ಕೂರುತ್ತಿತ್ತಂತೆ. ಅದಕ್ಕೆ ಅವಳು 'ಓನರ್ರು' ಅಂತ ಹೆಸರಿಟ್ಟಿದ್ದಳಂತೆ... ಅಂಗಡಿ ಓನರ್ರಾದ ಗಂಡನ ಹಾಗೇ ಮೂಗಿನ ತುದಿಯಲ್ಲಿ ಸಿಟ್ಟು ಎಂದು.

"ಎಷ್ಟು ನಗೋರು ಅಂತೀರಿ ಅಣ್ಣಾ... ಅನಸೂಯಕ್ಕನ ನಗು ಕೇಳೇ ನಮ್ಮನೇಲಿ ಎಲ್ಲಾರೂ ಏಳ್ತಿದ್ದಿದ್ದು. ನಿಮಗೆ ಕೇಳಿಸ್ತಿರಲಿಲ್ವಾ?"



ಆ ಹೊತ್ತಿಗೆ ಅವನು ದಿನವೂ ಮುಂದಿನ ಕೋಣೆಯಲ್ಲಿರುತ್ತಿದ್ದ. ಟಿವಿಯಲ್ಲಿ ನ್ಯೂಸ್, ಕಿವಿಗೆ ಮೊಬೈಲು. ಎಷ್ಟೋ ಸಲ ಅವಳು ಬಾಗಿಲಿಗೆ ಬಂದು, "ರೀ, ಒಂದ್ನಿಮಿಷ ಹಿತ್ಲಿಗೆ ಬರ್ರಿ, ಒಂದು ತೋರಿಸ್ತೀನಿ" ಅಂದಿದ್ದಳು. ಅವನು ಕೈಸನ್ನೆಯಲ್ಲೇ 'ಆಮೇಲೆ' ಅಂದಿದ್ದ.

ತೋರಿಸಬೇಕೆಂದಿದ್ದು ಇದನ್ನೇ...

ಮೆಹರುನ್ನೀಸಾ ಗೋಡೆಯ ಮೇಲಿಂದ ಒಂದು ಹಿಡಿ ಕಡಲೆಕಾಯಿ ಕೊಟ್ಟಳು. ಅವನು ಒಂದನ್ನು ಸಿಪ್ಪೆ ಸಮೇತ ಚಾಚಿದ. ಅಳಿಲು ಮೂಸಿತು, ತಿರಸ್ಕಾರದಿಂದ ಬೆನ್ನು ತಿರುಗಿಸಿ ಕುಳಿತಿತು.

ತಿಪ್ಪೇಸ್ವಾಮಿಗೆ ನಗು ಬಂತು. ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿದ್ದರೂ ನಕ್ಕ...

ಒಳಗಿನಿಂದ ದುರ್ಗಮ್ಮ ಓಡಿ ಬಂದು ಹೊಸ್ತಿಲಲ್ಲೇ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ತಿಪ್ಪಣ್ಣ... ಅನಸೂಯ ನಕ್ಕಂಗೆ ಕೇಳಿಸ್ತು ಕಣೋ."

ಅವನು ಕಡಲೆಕಾಯಿ ಬಿಡಿಸುತ್ತಾ ತಲೆ ಎತ್ತದೆ ಹೇಳಿದ.

"ಹೂಂ ಅಕ್ಕಾ... ನಂಗೂ ಇವತ್ತೇ ಕೇಳಿಸಿದ್ದು."

.

ಸಂತೋಷ ನಮ್ಮ ಮನೆಗೆ ದಿನವೂ ಬಂದು ಹೋಗುತ್ತದೆ. ಅದರ ಹೆಜ್ಜೆ ಎಷ್ಟು ಚಿಕ್ಕದೆಂದರೆ, ಕೂತು ನೋಡಿದವರಿಗೆ ಮಾತ್ರ ಕಾಣುತ್ತದೆ.

ಇವತ್ತು ನಿಮ್ಮ ಮನೆಯಲ್ಲಿ "ಒಂದ್ನಿಮಿಷ ಬಾ, ಒಂದು ತೋರಿಸ್ತೀನಿ" ಎಂದವರಿಗೆ ನೀವು ಏನೆಂದಿರಿ?